ವಾಸು ಕಾಕಾನ ಮೋಟಾರಿನ ಚಳಿಜ್ವರ

ನಮ್ಮ ಮನೆಯ ಇನ್ವರ್ಟರಿನ ಬ್ಯಾಟರಿಗೆ ನೀರು ಹಾಕಲು ಆಗೊಮ್ಮೆ ಈಗೊಮ್ಮೆ ಅಂಗಡಿಯವನೊಬ್ಬ ಬರುತ್ತಾನೆ. ಮೊನ್ನೆ ಬಂದವನು ಮುಚ್ಚಳಗಳನ್ನು ಒಂದೊಂದಾಗಿ ಬಿಚ್ಚಿಟ್ಟಾಗ ಒಳಗಿನಿಂದ ಹುಳಿಹುಳಿಯಾದ, ಮೂಗಿನ ತುದಿಯನ್ನು ಕಚ್ಚುವ ವಾಸನೆ ಎದ್ದು ಬಂತು. ನಾನು ಕುರ್ಚಿ ಎಳೆದುಕೊಂಡು ಅಲ್ಲೇ ಕೂತೆ.

"ಅಜ್ಜೀ, ದೂರ ಸರೀರಿ, ಈ ವಾಸನಿ ಛಲೋ ಅಲ್ರಿ" ಎಂದ.

"ನೀ ನಿನ್ನ ಕೆಲಸಾ ಮಾಡಪಾ" ಎಂದೆ.

ಮೊಮ್ಮಗಳು ನಕ್ಕಳು. ನಗಲಿ. ಆ ವಾಸನೆಗೆ ನನಗೆ ಧಾರವಾಡದ ಒಂದು ಇಡೀ ಮಳೆಗಾಲ ನೆನಪಾಗುತ್ತದೆ. ವಾಸು ಕಾಕಾ ನೆನಪಾಗುತ್ತಾರೆ, ಗಂಗಾ ಕಾಕು ನೆನಪಾಗುತ್ತಾಳೆ, ಎಲ್ಲರಿಗಿಂತ ಮೊದಲು ಕಾಕಾನ ಆ ದರಿದ್ರ ಮೋಟಾರುಗಾಡಿ ನೆನಪಾಗುತ್ತದೆ.

ಅದು ಎರಡನೆಯ ಮಹಾಯುದ್ಧದ ಕಾಲ. ನಾನು ಶಿಕ್ಷಕಿಯ ತರಬೇತಿಗೆಂದು ನವಲಗುಂದದಿಂದ ಧಾರವಾಡಕ್ಕೆ ಬಂದು ನನ್ನ ತಂದೆಯ ತಮ್ಮನಾದ ವಾಸು ಕಾಕಾನ ಮನೆಯಲ್ಲಿ ಇಳಿದುಕೊಂಡಿದ್ದೆ. ಮಾಳಮಡ್ಡಿಯಲ್ಲಿ, ಇಳಿಜಾರು ಓಣಿಯೊಂದರ ಮೇಲ್ತುದಿಯಲ್ಲಿತ್ತು ಮನೆ. ಕಾಕಾ ಡಾಕ್ಟರು. ಮುಂದಿನ ಕೋಣೆಯೇ ದವಾಖಾನೆ, ಅದರ ಹಿಂದೆ ಪಡಸಾಲೆ, ಅದರ ಪಕ್ಕಕ್ಕೆ ಕಾಕುವಿನ ಅಡುಗೆಮನೆ, ಹಿತ್ತಲಲ್ಲಿ ಮೋಟಾರಿನ ತಗಡಿನ ಶೆಡ್ಡು. ಕಾಕಾ, ಅವರ ಹೆಂಡತಿ ಗಂಗಾ ಕಾಕು, ಇಬ್ಬರೇ; ಮಕ್ಕಳಿರಲಿಲ್ಲ. ಕಾಕಾ ರೋಗಿಗಳ ಮುಂದೆ ಬೆಣ್ಣೆ. ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವವರನ್ನು ಕಂಡರೆ ಮಾತ್ರ ಅವರಿಗೆ ಎಲ್ಲಿಲ್ಲದ ಸಿಟ್ಟು. ನಾನು ಬಹಳ ಗಟ್ಟಿಮುಟ್ಟಾಗಿದ್ದೆ, ಆದ್ದರಿಂದ ದಿನವೂ ಬೈಸಿಕೊಳ್ಳುತ್ತಿದ್ದೆ. ನಾನೇನು ಸುಮ್ಮನೆ ಕೂಡುವವಳಲ್ಲ; ಒಂದಕ್ಕೆ ಎರಡು ಮಾತು ತಿರುಗಿ ಕೊಡುತ್ತಿದ್ದೆ. ಕಾಕು ನಮ್ಮಿಬ್ಬರ ನಡುವೆ ರೊಟ್ಟಿಯ ತಟ್ಟೆ ತಂದಿಟ್ಟು ಜಗಳ ಮುಗಿಸುತ್ತಿದ್ದಳು.

ಓಣಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಆದರೂ ಪಡಸಾಲೆಯಲ್ಲಿ ಒಂದು ರೇಡಿಯೊ ಇತ್ತು. ಮೋಟಾರಿನ ಬ್ಯಾಟರಿಯಂಥದೇ ಒಂದು ಬ್ಯಾಟರಿಯ ಮೇಲೆ ನಡೆಯುತ್ತಿದ್ದ ಅದನ್ನು ಕಾಕಾ ಯುದ್ಧದ ಸುದ್ದಿ ಕೇಳಲೆಂದು ತಂದಿದ್ದರು. ಬ್ಯಾಟರಿಯನ್ನು ಆಗಾಗ ಹುಬ್ಬಳ್ಳಿಗೆ ಒಯ್ದು ತುಂಬಿಸಿಕೊಂಡು ಬರಬೇಕು. ಸುದ್ದಿ ಮುಗಿಯುತ್ತಲೇ ಕಾಕಾ ಖಟ್ಟೆಂದು ಗುಂಡಿ ತಿರುಗಿಸಿ ಬಂದು ಮಾಡಿಬಿಡುತ್ತಿದ್ದರಂತೆ. ನಾನು ಬರುವ ಹೊತ್ತಿಗೆ ಆ ಬ್ಯಾಟರಿ ಪೂರ್ತಿ ಕೆಟ್ಟು, ಲಡಾಯಿಯ ದಿನಗಳಲ್ಲಿ ಹೊಸದು ಸಿಗದೆ, ರೇಡಿಯೊದ ಮೇಲೆ ಕಾಕು ಕಸೂತಿ ಹಾಕಿದ ಬಟ್ಟೆ ಹೊದಿಸಿಟ್ಟಿದ್ದಳು. ಕಾಕಾ ಪತ್ರಿಕೆ ಓದಿ ಸಮಾಧಾನ ಮಾಡಿಕೊಂಡಿದ್ದರು.

ಇನ್ನು ಮೋಟಾರಿನ ಮಾತು. ಊರಿಗೆ ಮರಳಿ ಹೊರಟಿದ್ದ ಯಾವನೋ ಬಿಳಿಯ ಸಾಹೇಬನಿಂದ ಕಾಕಾ ಅದನ್ನು ಕೊಂಡಿದ್ದರು. ಕೊಂಡಾಗಲೇ ಅದು ಹಳೆಯದು. ಅದನ್ನು ನಡೆಸುವವನು ಹುಸೇನಸಾಬ, ತೆಳ್ಳಗೆ ಎತ್ತರದ ಮನುಷ್ಯ, ಮಾತು ಕಡಿಮೆ. ಆ ವರ್ಷ ಆರಿದ್ರೆ ಮಳೆ ಹಿಡಿದ ಮೇಲೆ ಗಾಡಿಗೆ ಒಂದು ಹೊಸ ಚಾಳಿ ಸುರುವಾಯಿತು. ಕೆಲವು ದಿನ ಬೆಳಿಗ್ಗೆ ಸೆಲ್ಫ್ ಸ್ಟಾರ್ಟರಿನ ಗುಂಡಿ ಒತ್ತಿದರೆ ಖರ್ರ್ ಎಂದು ಎದ್ದುಬಿಡುತ್ತಿತ್ತು. ಕೆಲವು ದಿನ ಟಿಕ್ ಎಂದು ಒಂದು ಸದ್ದು, ಆಮೇಲೆ ಮೌನ. ಆಗ ಹುಸೇನಸಾಬ ಮುಂದೆ ಹೋಗಿ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ಬೆವರು ಸುರಿಸುತ್ತ ತಿರುವಬೇಕು. ಒಮ್ಮೊಮ್ಮೆ ಬೇಗ ಚಾಲೂ ಆಗುತ್ತಿತ್ತು, ಒಮ್ಮೊಮ್ಮೆ ಹ್ಯಾಂಡಲ್ ತಿರುಗಿ ಒದ್ದು ಅವನ ಮಣಿಕಟ್ಟು ಬಾತುಕೊಳ್ಳುತ್ತಿತ್ತು. ಕಾಕಾ ಅವನ ಕೈಗೆ ಪಟ್ಟಿ ಕಟ್ಟುತ್ತಲೇ ಅವನನ್ನು ಬೈಯುತ್ತಿದ್ದರು.

ಕಾಕಾ ಈ ರೋಗವನ್ನು ತಮ್ಮದೇ ರೀತಿಯಲ್ಲಿ ಪತ್ತೆ ಹಚ್ಚಲು ಹೊರಟರು.

"ಇದು ಚಳಿಜ್ವರ ಅದ" ಎಂದು ಊಟಕ್ಕೆ ಕೂತಾಗ ನನಗೆ ವಿವರಿಸಿದರು. "ದಿನಾ ಬರೂದಿಲ್ಲ. ಬಂದಾಗ ಮೈ ಎಲ್ಲಾ ಕಟ್ಟಿ ಹಾಕ್ತದ. ಡಾಕ್ಟರನ ಮುಂದ ಬಂದು ನಿಂತ್ರ ಏನೂ ಇಲ್ಲ. ಬ್ಯಾನಿ ದೊಡ್ಡದಲ್ಲ, ಅದರ ಪಾಳಿ ಯಾವಾಗ ಬರ್ತದ ಅನ್ನೂದನ್ನ ಹಿಡೀಬೇಕು."

"ಕ್ವಿನೈನ್ ಕೊಡು ಹಂಗಾದ್ರ" ಎಂದೆ. ಕಾಕು ಸೆರಗು ಬಾಯಿಗೆ ಹಿಡಿದು ನಕ್ಕಳು.

ಮೊದಲು ಅವರು ತಂಪಿನ ಮೇಲೆ ಸಂಶಯಪಟ್ಟರು. ಧಾರವಾಡದ ಜಿಟಿಜಿಟಿ ಮಳೆ ಗೊತ್ತಿದ್ದದ್ದೇ. ಕಪಾಟಿನೊಳಗಿನ ಸೀರೆಯೂ ಹಸಿಯಾಗುತ್ತದೆ. ಎಂಜಿನ್ನಿನ ವಾಯರುಗಳಿಗೆ ತೇವ ಹಿಡಿದು ಕಿಡಿ ಹಾರುತ್ತಿಲ್ಲವೆಂದು ತೀರ್ಮಾನಿಸಿ ಬಾನೆಟ್ಟಿಗೆ ಕಂಬಳಿ ಹೊದಿಸಿದರು. ಬಾಣಂತಿಗೆ ಇಡುವ ಹಾಗೆ ಶೆಡ್ಡಿನಲ್ಲಿ ಕೆಂಡದ ಅಗ್ಗಿಷ್ಟಿಗೆ ಇಡಿಸಲು ಹೋದರು. ಹುಸೇನಸಾಬ ಹೌಹಾರಿ, "ಸಾಹೇಬ್ರ, ಪೆಟ್ರೋಲ್ ಐತ್ರಿ ಒಳಗ!" ಎಂದು ಅದನ್ನು ಹೊರಗೆ ಹೊತ್ತು ಹಾಕಿದ. ಗಾಡಿ ಶೆಡ್ಡು ಬಿಟ್ಟು ಹೊರಗೆ ನಿಲ್ಲಲೇಬಾರದು ಎಂಬ ಅಪ್ಪಣೆ ಮಾತ್ರ ಜಾರಿಯಾಯಿತು. ವಾಯರುಗಳನ್ನು ಒಣ ಬಟ್ಟೆಯಿಂದ ಒರೆಸಿದ ಮರುದಿನ ಗಾಡಿ ಒಂದೇ ಏಟಿಗೆ ಎದ್ದಿತು. ಕಾಕಾ ಗೆದ್ದ ಪೈಲವಾನನ ಹಾಗೆ ಮೀಸೆ ತೀಡಿದರು. ಎರಡು ದಿನ ಬಿಟ್ಟು ಮತ್ತೆ ಟಿಕ್.

ಆಮೇಲೆ ಪೆಟ್ರೋಲು. ರೇಷನ್ ಕೂಪನ್ನಿನ ಮೇಲೆ ಸಿಗುತ್ತಿದ್ದ ಪೆಟ್ರೋಲಿನಲ್ಲಿ ಸೀಮೆಎಣ್ಣೆ ಬೆರೆತಿದೆಯೆಂದು ಹಳೆಯ ಧೋತರದ ತುಂಡಿನಲ್ಲಿ ಸೋಸಿಸಿದರು. ಮತ್ತೆ ಕೆಲವು ದಿನ ಗಾಡಿ ಸರಿಯಾಯಿತು, ಮತ್ತೆ ಕೆಟ್ಟಿತು. ಕೊನೆಗೆ ಹುಬ್ಬಳ್ಳಿಯಿಂದ ಫಕೀರಪ್ಪನೆಂಬ ಮಿಸ್ತ್ರಿಯನ್ನು ಕರೆಸಿದರು. ಅವನು ಬಂದು ಗುಂಡಿ ಒತ್ತಿದ್ದೇ ತಡ, ಗಾಡಿ ಖುಷಿಯಿಂದ ಗರ್ಜಿಸಿತು. ಪಾಪ, ಅವನು ಅಷ್ಟು ದೂರ ಬಂದದ್ದಕ್ಕೆ ಪ್ಲಗ್ಗುಗಳನ್ನು ಉಜ್ಜಿ, ಬ್ಯಾಟರಿಯ ತುದಿಗಳಿಗೆ ಹತ್ತಿದ ಹಸಿರು ಕಿಲುಬನ್ನು ಬಿಸಿನೀರಿನಿಂದ ತೊಳೆದು, "ಬ್ಯಾಟರಿಗೆ ವಯಸ್ಸಾಗೇತ್ರಿ ಸಾಹೇಬ್ರ. ಆದ್ರ ಹಿಂಗ ಒಂದಿನ ಛಲೋ, ಒಂದಿನ ಇಲ್ಲ ಅಂದ್ರ ನನಗೂ ತಿಳೀವಲ್ದು" ಎಂದು ಚಹ ಕುಡಿದು ಹೋದ.

ಇಷ್ಟೆಲ್ಲ ನಡೆಯುವಾಗ ಹುಸೇನಸಾಬ ತಲೆ ತಗ್ಗಿಸಿ ನಿಂತಿರುತ್ತಿದ್ದ. ಅವನು ಒಂದೇ ಒಂದು ಊಹೆಯನ್ನೂ ಹೇಳುತ್ತಿರಲಿಲ್ಲ. ದಿನವೂ ಗಾಡಿಯ ಜೊತೆಯೇ ಇರುವ ಮನುಷ್ಯ ಹೀಗೆ ಬಾಯಿಗೆ ಬೀಗ ಹಾಕಿಕೊಂಡರೆ ಯಾರಿಗಾದರೂ ರೇಗುತ್ತದೆ. ನನಗೂ ರೇಗುತ್ತಿತ್ತು.

ಶ್ರಾವಣದ ಒಂದು ಬೆಳಿಗ್ಗೆ ಅಮ್ಮಿನಬಾವಿಯ ಕಡೆಯಿಂದ ಒಬ್ಬ ರೈತ ಓಡೋಡಿ ಬಂದ. ಅವನ ಸೊಸೆಗೆ ಹೆರಿಗೆ ಕಷ್ಟವಾಗಿತ್ತು. ಕಾಕಾ ಚೀಲ ಹಿಡಿದು ಗಾಡಿಯಲ್ಲಿ ಕೂತರು. ಟಿಕ್. ಹುಸೇನಸಾಬ ಹ್ಯಾಂಡಲ್ ತಿರುವಿದ, ತಿರುವಿದ, ತಿರುವಿಯೇ ತಿರುವಿದ. ದವಾಖಾನೆಗೆ ಬಂದಿದ್ದವರು, "ನಾವು ನೂಕತೇವ್ರಿ, ಇಳಿಜಾರಿಗೆ ತರೂಣು" ಎಂದು ಮುಂದಾದರು. ಕಾಕಾ ಒಪ್ಪಲಿಲ್ಲ. "ಡಾಕ್ಟರನ ಗಾಡಿ ರೋಗಿಗಳು ನೂಕಬೇಕೇನು?" ಎಂದು ಗದರಿದರು. ಗಾಡಿ ಏಳುವ ಹೊತ್ತಿಗೆ ಬಿಸಿಲು ಏರಿತ್ತು. ಅವರು ಮುಟ್ಟಿದಾಗ ಕೂಸು ಹುಟ್ಟಿತ್ತು, ತಾಯಿಗೆ ರಕ್ತ ಹೋಗಿ ಜೀವ ತುಟಿಯ ಮೇಲೆ ಬಂದಿತ್ತು. ಆಕೆ ಉಳಿದಳು. ಆದರೆ ಕಾಕಾ ಮಧ್ಯಾಹ್ನ ಮರಳಿದವರು ನೇರ ದವಾಖಾನೆಗೆ ಹೋಗಿ ಕೂತರು. ಊಟಕ್ಕೆ ಏಳಲಿಲ್ಲ.

ನಾನು ದವಾಖಾನೆಯಲ್ಲಿ ಔಷಧದ ಬಾಟಲಿ ತೊಳೆಯುತ್ತಿದ್ದೆ. ಕಾಕಾ ಹುಸೇನಸಾಬನನ್ನು ಕರೆದು, ಸಿಟ್ಟಿಲ್ಲದ ಧ್ವನಿಯಲ್ಲಿ ಹೇಳಿದರು: "ಹುಸೇನ, ಇನ್ನೊಮ್ಮೆ ಹಿಂಗಾತಂದ್ರ ನಾ ಬ್ಯಾರೆ ಡ್ರೈವರನ್ನ ನೋಡ್ತೇನಿ. ನಿನ್ನ ಮ್ಯಾಲ ನನಗ ದ್ವೇಷ ಇಲ್ಲ. ಜೀವದ ಮಾತಿದು."

"ಆತ್ರಿ ಸಾಹೇಬ್ರ" ಎಂದ ಅವನು. ಅಷ್ಟೇ. ಪೆಟ್ರೋಲು ಸಿಗದೆ ಊರಲ್ಲಿದ್ದ ನಾಲ್ಕೆಂಟು ಮೋಟಾರುಗಳೂ ಇಟ್ಟಿಗೆಯ ಮೇಲೆ ಏರಿ ಕೂತಿದ್ದ ದಿನಗಳವು. ಈ ಕೆಲಸ ಹೋದರೆ ಅವನಿಗೆ ಇನ್ನೊಂದು ಸಿಗುವಂತಿರಲಿಲ್ಲ. ಅವನ ಮನೆಯಲ್ಲಿ ಹೆಂಡತಿ, ಮುದಿ ತಾಯಿ, ಮೂರು ಹೆಣ್ಣುಮಕ್ಕಳು. ಆ ದಿನ ಮೊದಲ ಸಲ ನನಗೆ ಅವನ ಮೇಲೆ ರೇಗಲಿಲ್ಲ. ಕಾಕು ಅಡುಗೆಮನೆಯಲ್ಲಿದ್ದಳು, ಈ ಮಾತು ಅವಳ ಕಿವಿಗೆ ಬೀಳಲಿಲ್ಲ, ನಾನೂ ಹೇಳಲಿಲ್ಲ.

ಅದಾಗಿ ಕೆಲವು ದಿನಗಳಿಗೆ ಮಳೆ ಜೋರಾಗಿ ನಮ್ಮ ತರಬೇತಿ ಶಾಲೆಯ ಮಾಡು ಸೋರತೊಡಗಿತು. ಮಧ್ಯಾಹ್ನವೇ ಮನೆಗೆ ಬಿಟ್ಟರು. ಕೆಸರುಗಾಲು ತೊಳೆದುಕೊಳ್ಳಲೆಂದು ನಾನು ಹಿತ್ತಲಿನಿಂದ ಬಂದೆ. ಶೆಡ್ಡಿನಲ್ಲಿ ಗಾಡಿಯ ಬಾಗಿಲು ತೆರೆದಿತ್ತು, ಮುಂದಿನ ಸೀಟಿನ ಕೆಳಗಿನ ಹಲಗೆ ಎತ್ತಿಟ್ಟಿತ್ತು, ಬ್ಯಾಟರಿ ಇರಬೇಕಾದ ಜಾಗ ಖಾಲಿ. ಕಳವಾಯಿತೆಂದು ಕೂಗಲು ಬಾಯಿ ತೆರೆದವಳು ಹಾಗೆಯೇ ನಿಂತೆ. ಎಲ್ಲೋ ಹಾಡು ಕೇಳುತ್ತಿತ್ತು. ಭೀಮಪಲಾಸ ರಾಗ.

ಪಡಸಾಲೆಯ ಹಿಂದಿನ ಕಿಟಕಿಯ ಕಲ್ಲಿನ ಮೇಲೆ, ಮಡಚಿದ ಗೋಣಿತಾಟಿನ ಮೇಲೆ ಬ್ಯಾಟರಿ ಕೂತಿತ್ತು. ಅದರಿಂದ ಎರಡು ವಾಯರು ಸರಳುಗಳ ನಡುವೆ ಒಳಗೆ ಹೋಗಿದ್ದವು. ಕೆಳಗೆ ಮೆಟ್ಟಿಲ ಮೇಲೆ ಹುಸೇನಸಾಬ ಕೂತು ಕಾಕಾನ ಹಳೆಯ ಕೊಡೆಯನ್ನು ಬ್ಯಾಟರಿಯ ಮೇಲೆ ಹಿಡಿದಿದ್ದ. ತಾನು ತೊಯ್ದು ತೊಪ್ಪೆಯಾಗಿದ್ದ. ಅವನು ಆ ಮನೆಯ ಪಡಸಾಲೆಯೊಳಗೆ ಕಾಲಿಡುತ್ತಿರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ, ಬಾ ಎಂದೂ ಇರಲಿಲ್ಲ. ಆ ಕಾಲ ಹಾಗಿತ್ತು. ಒಳಗೆ, ಗೋಡೆಯ ಆಚೆ, ಕಾಕು ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಅವಳ ಇಳಕಲ್ಲ ಸೀರೆಯ ಸೆರಗು ಕಿಟಕಿಯ ಕಲ್ಲಿಗೆ, ಬ್ಯಾಟರಿಯ ಮಗ್ಗುಲಿಗೆ ತಾಗಿಕೊಂಡಿತ್ತು. ಅವಳ ಸೀರೆಗಳಿಗೆಲ್ಲ ಸಣ್ಣಸಣ್ಣ ತೂತು ಬೀಳುತ್ತಿದ್ದವು. ಜಿರಳೆಯ ಕಾಟ ಎನ್ನುತ್ತಿದ್ದಳು. ಆ ಜಿರಳೆ ಯಾವುದೆಂದು ಈಗ ಗೊತ್ತಾಯಿತು.

ಹಾಡು ಮುಗಿಯುವವರೆಗೆ ನಾನೂ ಮಳೆಯಲ್ಲಿ ನಿಂತಿದ್ದೆ. ಮುಗಿದ ಮೇಲೆ ಒಳಗೆ ಹೋದೆ. ಕಾಕು ಬೆಚ್ಚಿ ಎದ್ದು ಗುಂಡಿ ತಿರುಗಿಸಿದಳು.

"ಸುಶೀ, ನಿಮ್ಮ ಕಾಕಾಗ ಹೇಳಬ್ಯಾಡ."

"ಯಾಕ ಹೇಳಬಾರದು?"

"ಅವರಿಗೆ ಹಾಡು ಸೇರೂದಿಲ್ಲ. ಸುದ್ದಿ ಮುಗಿದ ಕೂಡ್ಲೆ ಖಟ್ ಅಂತ ಬಂದ್ ಮಾಡ್ತಿದ್ದದ್ದು ನಿನಗ ಗೊತ್ತಿಲ್ಲ. ಮದುವಿ ಆದ ಹೊಸದಾಗಿ ಒಂದಿನ ನಾ ಒಬ್ಬಾಕಿನ ಹಾಡ್ಕೋತ ಕೂತಿದ್ದೆ. ಬಾಗಿಲ ತನಕಾ ಬಂದ್ರು. ನೋಡಿದ್ರು. ಒಂದು ಮಾತು ಆಡದ ತಿರುಗಿ ಹೊರಗ ಹೋಗಿಬಿಟ್ರು. ಅವತ್ತ ಬಿಟ್ಟೆ ನಾ."

ತವರಿನಲ್ಲಿ ಅವಳು ಗುರುಗಳ ಹತ್ತಿರ ಕಲಿತವಳು ಎಂಬುದೇ ನನಗೆ ಗೊತ್ತಿರಲಿಲ್ಲ. ರೇಡಿಯೊ ಸತ್ತ ಮೇಲೂ ಅವಳು ದಿನವೂ ಅದನ್ನು ಒರೆಸಿ ಅದರ ಮುಂದೆ ಸ್ವಲ್ಪ ಹೊತ್ತು ಕೂಡುತ್ತಿದ್ದಳಂತೆ. ಅದನ್ನು ಕಿಟಕಿಯಿಂದ ಕಂಡ ಹುಸೇನಸಾಬನೇ ಅವಳಿಗೆ, "ಬಾಯಾರ, ಗಾಡ್ಯಾಗೂ ಇಂಥಾದ ಬ್ಯಾಟರಿ ಐತ್ರಿ" ಎಂದಿದ್ದ. ಅವನ ತಂದೆ ಸಾರಂಗಿ ಬಾರಿಸುವವನಾಗಿದ್ದ. ಮುಂಬಯಿ ಕೇಂದ್ರದಿಂದ ಹಾಡು ಬರುವ ಮಧ್ಯಾಹ್ನಗಳಲ್ಲಿ, ಕಾಕಾ ನಡೆದುಕೊಂಡೇ ಊರೊಳಗಿನ ರೋಗಿಗಳನ್ನು ನೋಡಲು ಹೋದಾಗ, ಬ್ಯಾಟರಿ ಕಿಟಕಿಗೆ ಬರುತ್ತಿತ್ತು. ಸಂಜೆ ಕಾಕಾ ಹಳ್ಳಿಗೆ ಗಾಡಿ ಒಯ್ದರೆ ದಾರಿಯಲ್ಲಿ ಅದು ಮತ್ತೆ ತುಂಬಿಕೊಂಡು ಮರುದಿನ ಏನೂ ಆಗದವರ ಹಾಗೆ ಇರುತ್ತಿತ್ತು. ಒಯ್ಯದಿದ್ದರೆ ಬೆಳಿಗ್ಗೆ ಟಿಕ್. ಕಾಕಾನ ಚಳಿಜ್ವರದ ಪಾಳಿ ಇದೇ.

ನನಗೆ ಸಿಟ್ಟು ಬಂತು. ಯಾರ ಮೇಲೆಂದು ಈಗಲೂ ಗೊತ್ತಿಲ್ಲ. "ಹುಸೇನಸಾಬನ ಕೆಲಸಾ ಹೊಂಟದ, ಗೊತ್ತದೇನು ನಿನಗ? ಇನ್ನೊಮ್ಮೆ ಗಾಡಿ ನಿಂತ್ರ ಬಿಡಸ್ತೇನಿ ಅಂದಾರ ಕಾಕಾ. ಅಮ್ಮಿನಬಾವಿ ಹೆಣ್ಣುಮಗಳು ಸಾಯೂದು ಸ್ವಲ್ಪದಾಗ ತಪ್ಪೇದ."

ಕಾಕು ಕಿಟಕಿಯತ್ತ ತಿರುಗಿದಳು. "ಖರೇ ಏನು, ಹುಸೇನಸಾಬ? ಹ್ಯಾಂಡಲ್ ಹೊಡದ್ರ ಲಗೂನ ಚಾಲೂ ಆಗ್ತದ ಅಂದಿದ್ದಿ ನನಗ."

"ಆಗತೈತ್ರಿ ಬಾಯಾರ. ಒಮ್ಮೊಮ್ಮೆ ತಡಾ ಆಗತೈತ್ರಿ. ನೀವು ಏನೂ ಹೇಳಾಕ ಹೋಗಬ್ಯಾಡ್ರಿ. ನಂದು ನಾ ನೋಡಿಕೋತೇನಿ."

ಕಾಕು ಚಾಪೆ ಸುತ್ತಿಟ್ಟಳು. ರೇಡಿಯೊದ ಮೇಲೆ ಬಟ್ಟೆ ಹೊದಿಸಿದಳು, ಮುಖ ತೊಳೆದಳು, ಕುಂಕುಮ ಹಚ್ಚಿಕೊಂಡಳು. ಕಾಕಾ ಮರಳಿ ದವಾಖಾನೆಯಲ್ಲಿ ಕೂತ ಸದ್ದು ಕೇಳಿದ್ದೇ ನೇರ ಅಲ್ಲಿಗೆ ನಡೆದಳು. ಗಂಡಸರು ಕೂತಾಗ ಅವಳು ಆ ಬಾಗಿಲು ದಾಟಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಬೆಂಚಿನ ಮೇಲಿದ್ದ ರೋಗಿಗಳು ಎದ್ದು ನಿಂತರು.

"ಗಾಡಿ ಕೆಡಸೂದು ನಾನು" ಎಂದಳು. "ಹುಸೇನಸಾಬ ಅಲ್ಲ."

ಕಾಕಾ ಅವಳ ಮುಖ ನೋಡಿದರು, ಕೈ ಹಿಡಿದು ಎಳೆದು ಕುರ್ಚಿಯ ಮೇಲೆ ಕೂಡಿಸಿ ನಾಡಿ ನೋಡತೊಡಗಿದರು. ಜ್ವರ ತಲೆಗೇರಿದೆ ಎಂದುಕೊಂಡಿರಬೇಕು. ಕೆಮ್ಮಿಗೆ ಔಷಧಿ ಕೇಳಲು ಬಂದ ಮುದುಕನೊಬ್ಬ, "ನಾವು ಹೊರಗ ಕುಂದರತೇವ್ರಿ, ಸಾವಕಾಶ ನೋಡ್ರಿ" ಎಂದು ಎಲ್ಲರನ್ನೂ ಕರೆದುಕೊಂಡು ಹೋದ. ನಾನು ಹೋಗಲಿಲ್ಲ. ಬಾಟಲಿ ತೊಳೆಯುವುದಿತ್ತಲ್ಲ.

ಕಾಕು ಎಲ್ಲವನ್ನೂ ಹೇಳಿದಳು. ಬ್ಯಾಟರಿ, ಕಿಟಕಿ, ಮುಂಬಯಿಯ ಹಾಡು. "ಜೀವದ ಮುಂದ ನನ್ನ ಹಾಡೇನು ದೊಡ್ಡದಲ್ಲ. ಇನ್ನ ಮುಟ್ಟೂದಿಲ್ಲ. ಅವನ್ನ ಮಾತ್ರ ಬಿಡಸಬ್ಯಾಡ್ರಿ" ಎಂದಳು. ಕಾಕಾ ಅವಳ ಕೈ ಬಿಡುವುದನ್ನೇ ಮರೆತಿದ್ದರು.

"ನಾ ಹಾಡು ಬಂದ್ ಮಾಡ್ತಿದ್ದಿಲ್ಲ" ಎಂದರು. "ಬ್ಯಾಟರಿ ಉಳೀಲಿ, ನಾಳಿನ ಸುದ್ದಿಗೆ ಆಗ್ತದ ಅಂತ ಬಂದ್ ಮಾಡ್ತಿದ್ದೆ. ನಿನಗ ಹಾಡು ಬೇಕಂತ ನೀ ಎಂದಾದ್ರೂ ಹೇಳಿದ್ದ್ಯಾ?"

"ನೀವು ಎಂದಾದ್ರೂ ಕೇಳಿದ್ರ್ಯಾ? ಅವತ್ತ ನಾ ಹಾಡೂ ಮುಂದ ಹೊರಗ ಹೋದ್ರಿ."

"ನಾ ಒಳಗ ಬಂದ್ರ ನೀ ನಿಲ್ಲಸ್ತಿದ್ದಿ" ಎಂದರು ಕಾಕಾ. "ನಿಲ್ಲಸಬಾರದು ಅಂತ ಹೊರಗ ಹೋಗಿ ಕಟ್ಟೀ ಮ್ಯಾಲ ಕೂತಿದ್ದೆ. ನೀ ಮುಂದ ಹಾಡಲೇ ಇಲ್ಲ."

ಒಂದೇ ಮನೆಯಲ್ಲಿ, ಒಂದೇ ಅಡುಗೆ ಉಂಡುಕೊಂಡು, ಇಬ್ಬರು ಒಳ್ಳೆಯ ಮನುಷ್ಯರು ಇಷ್ಟು ವರ್ಷ ಹೀಗೆ ಕಳೆದುಬಿಟ್ಟಿದ್ದರು. ನನಗೆ ಅವರಿಬ್ಬರನ್ನೂ ಹಿಡಿದು ಝಾಡಿಸಬೇಕೆನಿಸಿತು, ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ.

ಕಾಕಾ ಎದ್ದು ಹಿತ್ತಲಿಗೆ ಹೋದರು. ಹುಸೇನಸಾಬ ಗಾಡಿಯ ಕೀಲಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ, ಒಪ್ಪಿಸಲೆಂದು.

"ಇಷ್ಟು ಬೈಸಿಗೊಂಡ್ಯಲ್ಲೊ, ಹೇಳಲಿಕ್ಕೆ ಏನಾಗಿತ್ತು ನಿನಗ?"

"ಬಾಯಾರ ಮಾತಿತ್ರಿ ಅದು. ನಂದಲ್ರಿ."

ಕಾಕಾ ಕೀಲಿ ತೆಗೆದುಕೊಳ್ಳಲಿಲ್ಲ. ಮನೆಯ ಮುಂದಕ್ಕೆ ಬಂದು ಸೊಂಟದ ಮೇಲೆ ಕೈಯಿಟ್ಟು ಓಣಿಯ ಇಳಿಜಾರನ್ನು ನೋಡುತ್ತ ನಿಂತರು. "ಇವತ್ತಿಂದ ಗಾಡಿ ಶೆಡ್ಡಿನಾಗ ಬ್ಯಾಡ" ಎಂದರು. "ಇಲ್ಲೇ ನಿಲ್ಲಸು, ಇಳಿಜಾರಿಗೆ ಮುಖಾ ಮಾಡಿ. ಗಾಲಿಗೆ ಕಲ್ಲ ಕೊಡು." ಸೆಲ್ಫ್ ತಿರುಗಿಸುವಷ್ಟು ಕಸುವು ಬ್ಯಾಟರಿಯಲ್ಲಿ ಇಲ್ಲದಿದ್ದರೂ ಕಿಡಿ ಹಾರಿಸುವಷ್ಟು ಉಳಿದಿರುತ್ತದೆ, ಕಲ್ಲು ತೆಗೆದು ನಾಲ್ಕು ಹೆಜ್ಜೆ ನೂಕಿ ಗೇರಿಗೆ ಹಾಕಿದರೆ ಗಾಡಿ ಏಳುತ್ತದೆ. ಇದು ಎಲ್ಲರಿಗೂ ಗೊತ್ತಿದ್ದ ವಿಷಯವೇ. ನಡುವೆ ಅಡ್ಡ ನಿಂತದ್ದು ಕಾಕಾನ ತಂಪಿನ ಸಂಶಯ, ಅದಕ್ಕಿಂತ ಹೆಚ್ಚಾಗಿ ಅವರ ಮರ್ಯಾದೆ.

ಮುಂದಿನ ಸಲ ಹಾಡು ಇದ್ದ ಮಧ್ಯಾಹ್ನ ಕಾಕಾ ಮನೆಯಲ್ಲೇ ಉಳಿದರು. ಬ್ಯಾಟರಿಯನ್ನು ತಾವೇ ಹೊತ್ತು ತಂದು ಕಿಟಕಿಗೆ ಇಟ್ಟರು. ಧೋತರಕ್ಕೆ ಆ್ಯಸಿಡ್ ಸಿಡಿದದ್ದಕ್ಕೆ ಬ್ಯಾಟರಿಯನ್ನೇ ಬೈದರು. ಕಾಕು ಒಳಗಿನಿಂದ, "ಬರ್ರಿ, ಚಾಪಿ ಹಾಸೇನಿ" ಎಂದಳು. "ಇಲ್ಲೇ ಛಲೋ ಕೇಳಸ್ತದ" ಎಂದು ಕಾಕಾ ಮೆಟ್ಟಿಲ ಮೇಲೆ ಹುಸೇನಸಾಬನ ಪಕ್ಕದಲ್ಲಿ ಕೂತರು. ಹುಸೇನಸಾಬ ಗಡಬಡಿಸಿ ಏಳಲು ಹೋದ. ಕಾಕಾ ಅವನ ಅಂಗಿ ಹಿಡಿದು ಕೂಡಿಸಿದರು. ಒಂದೇ ಕೊಡೆಯ ಕೆಳಗೆ ಬ್ಯಾಟರಿ, ಡಾಕ್ಟರು, ಡ್ರೈವರು. ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ.

ಹಾಡು ಸುರುವಾಗಿ ಇನ್ನೂ ಅರ್ಧ ಆಗಿರಲಿಲ್ಲ. ರೇಡಿಯೊದ ದನಿ ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು, ನಿಂತುಹೋಯಿತು. ಮಳೆಯ ಸದ್ದಷ್ಟೇ ಉಳಿಯಿತು. ಹುಸೇನಸಾಬ ವಾಯರು ಸಡಿಲಾಗಿದೆಯೇ ಎಂದು ಕೈ ಚಾಚಿದ. ಅಷ್ಟರಲ್ಲಿ ನಿಂತ ಸಾಲು ಒಳಗಿನಿಂದ ಮುಂದುವರಿಯಿತು. ಕಾಕುವಿನ ದನಿ. ಒರಟಾಗಿತ್ತು, ಮೇಲಿನ ಸ್ವರದಲ್ಲಿ ಒಮ್ಮೆ ಒಡೆಯಿತು, ಅವಳು ಕೆಮ್ಮಿ ಅದೇ ಸಾಲನ್ನು ಮೊದಲಿನಿಂದ ಎತ್ತಿಕೊಂಡಳು. ಕಾಕಾ ಹುಸೇನಸಾಬನ ಕೈಯನ್ನು ವಾಯರಿನಿಂದ ಮೆಲ್ಲಗೆ ಸರಿಸಿದರು.

"ಮುಟ್ಟಬ್ಯಾಡ" ಎಂದು ಪಿಸುಗುಟ್ಟಿದರು.

ಅವಳು ಪೂರ್ತಿ ಹಾಡಿದಳು. ಕಾಕಾ ಅಳುತ್ತಿದ್ದರು, ಬಚ್ಚಿಡಲಿಲ್ಲ. ನಾನೂ ಅತ್ತೆ. ಮುಗಿದ ಮೇಲೆ ಒಳಗಿನಿಂದ ಕಾಕು ಕೇಳಿದಳು: "ಬ್ಯಾಟರಿ ಸತ್ತದೇನ್ರಿ?"

"ಹೂಂ" ಎಂದರು ಕಾಕಾ, ಕಣ್ಣು ಒರೆಸಿಕೊಂಡು. "ನಾಳೆ ಗಾಡಿ ಏಳೂದಿಲ್ಲ. ಇನ್ನೊಂದು ಹಾಡು."

ಮರುದಿನ ಬೆಳಿಗ್ಗೆ ಗಾಡಿ ಏಳಲಿಲ್ಲ. ಕಾಕಾ ಕೋಟು ತೆಗೆದು ಬಾಗಿಲಲ್ಲಿ ನಿಂತ ಕಾಕುವಿನ ಕೈಗೆ ಕೊಟ್ಟರು, ಧೋತರ ಎತ್ತಿ ಕಟ್ಟಿದರು, ಗಾಡಿಯ ಹಿಂದೆ ಹೋಗಿ ನನ್ನ ಪಕ್ಕದಲ್ಲಿ ನಿಂತು ಎರಡೂ ಕೈ ಹಚ್ಚಿದರು. ಓಣಿಯವರೆಲ್ಲ ಹೊರಗೆ ಬಂದು ನೋಡುತ್ತಿದ್ದರು. ಕಾಕಾ ಯಾರನ್ನೂ ಬೈಯಲಿಲ್ಲ.